ಓದುಗರ ಪ್ರಶ್ನೆ: ಬೂಷ್ಟು, ಬ್ಯಾಕ್ಟೀರಿಯಾ, ಆಮೇಲೆ ನೊಣ

ಹೋದ ಸಂಚಿಕೆಯಲ್ಲಿ ಜೀನ್ ಅಂದರೇನು ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಒಬೈದ್ ಸಿದ್ದಿಕಿ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆ ಇದೆಯಲ್ಲ, ಅದನ್ನು ಕಟ್ಟಿದವರು ಅಂತ ಅಷ್ಟೇ ಬರೆದಿದ್ದೆ. ಆ ಒಂದು ಸಾಲು ಹಿಡಿದುಕೊಂಡು ಇಷ್ಟು ಜನ ಪತ್ರ ಬರೆಯುತ್ತಾರೆ ಅಂತ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರ ಕೆಲಸಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರ ಊರು ಮಾತ್ರ ಹಾಕಿದ್ದೇನೆ.

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಮಾಲಿಕ್ಯುಲರ್ ಜೆನೆಟಿಕ್ಸ್‌ನಲ್ಲಿ ಸಂಶೋಧನೆ ಮಾಡಬೇಕು ಅಂತ ಆಸೆ. ಆದರೆ ಅಂಥವರ ಜೀವನ ಹೇಗಿರುತ್ತೆ, ಮೊದಲಿಂದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡಿರಬೇಕಾ, ಗೊತ್ತಿಲ್ಲ. ಮನೆಯಲ್ಲಿ ಬಿ.ಎಡ್. ಮಾಡು ಅಂತಿದ್ದಾರೆ. ಸಿದ್ದಿಕಿ ಅವರು ಹೇಗೆ ಶುರು ಮಾಡಿದರು? – ವಿದ್ಯಾರ್ಥಿನಿ, ಶಿವಮೊಗ್ಗ

ಅವರು ಶುರು ಮಾಡಿದ್ದು ಗೋಧಿಯಿಂದ. ಸಿದ್ದಿಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಓದಿದ್ದು ಅಲಿಗಢದಲ್ಲಿ. ಆಮೇಲೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಗೆ ಹೋಗಿ ಗೋಧಿಯ ಭ್ರೂಣದ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಆಲಿಕಲ್ಲು ಮಳೆ ಬಂತು. ಸಂಶೋಧನೆಗೆ ಬೆಳೆಸಿದ್ದ ಗಿಡಗಳೆಲ್ಲ ನೆಲಕ್ಕೆ ಬಿದ್ದು ಹಾಳಾದವು. ನೀವು ಶಿವಮೊಗ್ಗದವರು, ಆಲಿಕಲ್ಲು ಬಿದ್ದ ಮೇಲೆ ಹೊಲ ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ಅಲ್ಲಿಂದ ಅವರು ದಾರಿ ಬದಲಿಸಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಗೀದೋ ಪಾಂಟೆಕೋರ್ವೊ ಎಂಬ ದೊಡ್ಡ ತಳಿವಿಜ್ಞಾನಿಯ ಹತ್ತಿರ ಪಿಎಚ್.ಡಿ.ಗೆ ಸೇರಿಕೊಂಡರು.

ಅಲ್ಲಿ ಕೈಗೆ ಬಂದಿದ್ದು ಬೂಷ್ಟು. ಹಳಸಿದ ರೊಟ್ಟಿ, ಬ್ರೆಡ್ ಮೇಲೆ ಹಸಿರಾಗಿ ಹಿಡಿಯುತ್ತಲ್ಲ, ಆ ಜಾತಿಯದ್ದೇ, ಆಸ್ಪರ್ಜಿಲಸ್ ನಿಡುಲನ್ಸ್ ಅಂತ ಹೆಸರು. ಆಗಿನ ದೊಡ್ಡ ಪ್ರಶ್ನೆ ಇದು: ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ದಾಟಿಸುವ ಜೀನ್ ಅನ್ನೋದು ಸರದಲ್ಲಿ ಪೋಣಿಸಿದ ಮಣಿಯ ಥರ ಒಂದೇ ಗಟ್ಟಿ ತುಂಡಾ, ಅಥವಾ ಅದರ ಒಳಗೂ ಭಾಗಗಳಿವೆಯಾ? ಸಿದ್ದಿಕಿ ಆ ಬೂಷ್ಟಿನ ಒಂದೇ ಒಂದು ಜೀನ್ ಹಿಡಿದುಕೊಂಡರು. ಪಾಬಾ ಅಂತ ಅದರ ಹೆಸರು. ಅದು ಕೆಟ್ಟುಹೋದ ಬೂಷ್ಟಿಗೆ ಒಂದು ವಿಟಮಿನ್‌ನಂಥ ವಸ್ತುವನ್ನು ನಾವೇ ಹಾಕಬೇಕು, ಇಲ್ಲದಿದ್ದರೆ ಬೆಳೆಯೋದಿಲ್ಲ. ಬೇರೆ ಬೇರೆ ಕಡೆ ಕೆಟ್ಟಿರುವ ಎರಡು ಬೂಷ್ಟನ್ನು ಕೂಡಿಸಿದರೆ ಅಪರೂಪಕ್ಕೊಮ್ಮೆ ಸರಿಯಿರುವ ಬೂಷ್ಟು ಹುಟ್ಟುತ್ತೆ. ಅದು ಎಷ್ಟು ಸಲ ಹುಟ್ಟುತ್ತೆ ಅಂತ ಎಣಿಸಿದರೆ, ಆ ಎರಡು ಕೆಟ್ಟ ಜಾಗಗಳು ಜೀನ್ ಒಳಗೆ ಒಂದಕ್ಕೊಂದು ಎಷ್ಟು ದೂರ ಇವೆ ಅಂತ ಲೆಕ್ಕ ಹಾಕಬಹುದು. ಹೀಗೆ ಎಣಿಸಿ ಎಣಿಸಿಯೇ ಒಂದು ಜೀನ್‌ನ ಒಳಗಿನ ನಕ್ಷೆ ಬರೆದರು. 1961ಕ್ಕೆ ಪಿಎಚ್.ಡಿ. ಮುಗಿಯಿತು, 1962ರಲ್ಲಿ ಪೇಪರ್ ಬಂತು.

ಅಲ್ಲಿಂದ ಅಮೆರಿಕ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಗ್ಯಾರೆನ್ ಜೊತೆ ಸೇರಿ ಈಗ ಬ್ಯಾಕ್ಟೀರಿಯಾ ಹಿಡಿದರು. ಇಲ್ಲಿ ಮಾಡಿದ್ದು ಅವರ ಜೀವನದ ದೊಡ್ಡ ಕೆಲಸಗಳಲ್ಲಿ ಒಂದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಜೀನ್ ಅನ್ನೋದು ಒಂದು ವಾಕ್ಯ ಅಂದುಕೊಳ್ಳಿ. ಅದನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತಾ ಜೀವಕೋಶ ಪ್ರೋಟೀನ್ ಕಟ್ಟುತ್ತೆ. ಕೊನೆಗೆ ಒಂದು ಪೂರ್ಣವಿರಾಮ ಬರುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಒಂದು ಅಕ್ಷರ ತಪ್ಪಿ ವಾಕ್ಯದ ಮಧ್ಯದಲ್ಲೇ ಪೂರ್ಣವಿರಾಮ ಬಿದ್ದರೆ? ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತೆ. ಇಂಥ ತಪ್ಪಿಗೆ ನಾನ್‌ಸೆನ್ಸ್ ಮ್ಯುಟೇಷನ್ ಅಂತ ಹೆಸರು. ಗ್ಯಾರೆನ್ ಮತ್ತು ಸಿದ್ದಿಕಿ ನೋಡಿದ್ದು ಏನಂದರೆ, ಒಂದು ಕಿಣ್ವವನ್ನು ಮಾಡಲಾಗದ ಕೆಲವು ಬ್ಯಾಕ್ಟೀರಿಯಾಗಳಲ್ಲಿ, ಬೇರೆಲ್ಲೋ ಇರುವ ಇನ್ನೊಂದು ಜೀನ್ ಬದಲಾಗಿದ್ದರೆ, ಆ ಕಿಣ್ವ ಮತ್ತೆ ತಯಾರಾಗುತ್ತೆ. ಮೊದಲ ತಪ್ಪು ಹಾಗೇ ಇದೆ. ಆದರೂ ಕೆಲಸ ನಡೀತಿದೆ. ಆ ತಪ್ಪು ಪೂರ್ಣವಿರಾಮವನ್ನು ದಾಟಿ ಮುಂದೆ ಓದುವ ದಾರಿಯೊಂದು ಜೀವಕೋಶಕ್ಕೆ ಸಿಕ್ಕಿದೆ. 1962ರಲ್ಲಿ ಇದು ಪ್ರಕಟವಾದಾಗ ಆ ಮೂರಕ್ಷರದ ಭಾಷೆಯನ್ನು ಇನ್ನೂ ಯಾರೂ ಪೂರ್ತಿ ಓದಿರಲಿಲ್ಲ ಅನ್ನೋದು ನೆನಪಿರಲಿ. ನಿಲ್ಲಿಸು ಅನ್ನುವ ಮೂರು ಸಂಕೇತಗಳಲ್ಲಿ ಎರಡು ಯಾವುವು ಅಂತ 1965ರಲ್ಲಿ ಗ್ಯಾರೆನ್ ಮತ್ತು ಇತರರು ಕಂಡುಹಿಡಿದಿದ್ದಕ್ಕೆ ಇಂಥ ಬ್ಯಾಕ್ಟೀರಿಯಾಗಳೇ ಆಧಾರ. ಪ್ರೋಟೀನ್ ಕಟ್ಟಲು ಬೇಕಾದ ತುಣುಕುಗಳನ್ನು ಹೊತ್ತು ತರುವ ಅಣುಗಳಿಗೆ ಟಿ-ಆರ್‌ಎನ್‌ಎ ಅಂತಾರೆ. ಆ ಪೂರ್ಣವಿರಾಮವನ್ನು ದಾಟಿಸುವ ಟಿ-ಆರ್‌ಎನ್‌ಎಗಳನ್ನೇ ಕೆಲವು ಅನುವಂಶೀಯ ಕಾಯಿಲೆಗಳಿಗೆ ಔಷಧಿ ಮಾಡಬಹುದಾ ಅಂತ ಇವತ್ತಿಗೂ ಪ್ರಯತ್ನ ನಡೀತಾ ಇದೆ.

ಅದೇ 1962ರಲ್ಲಿ ಬಾಂಬೆಯಿಂದ ಕರೆ ಬಂತು. ಹೋಮಿ ಭಾಭಾ ಕಟ್ಟಿದ್ದ ಟಿಐಎಫ್‌ಆರ್, ಅಂದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಭೌತಶಾಸ್ತ್ರ, ಗಣಿತದ ಜಾಗ. ಅಲ್ಲಿ ಮಾಲಿಕ್ಯುಲರ್ ಬಯಾಲಜಿಗೆ ಒಂದು ಘಟಕ ಶುರು ಮಾಡಿ, ಈ ಹುಡುಗನನ್ನು ಕರೆಸಿಕೊಳ್ಳಿ ಅಂತ ಭಾಭಾಗೆ ಹೇಳಿದ್ದು ಲಿಯೋ ಸಿಲಾರ್ಡ್. ಪರಮಾಣು ವಿಜ್ಞಾನದಲ್ಲಿ ಹೆಸರು ಮಾಡಿ, ಆಮೇಲೆ ಜೀವವಿಜ್ಞಾನಕ್ಕೆ ಬಂದಿದ್ದವರು ಅವರು. ಸಿದ್ದಿಕಿಗೆ ಆಗ ಮೂವತ್ತು ವರ್ಷ. ವಾಪಸ್ ಬಂದರು.

ಇನ್ನು ನಿಮ್ಮ ವಿಷಯ. ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿ ವಿಷಯ ಗಟ್ಟಿಯಾಗಿರಬೇಕಾಗಿಲ್ಲ. ಗೋಧಿಯಿಂದ ಬೂಷ್ಟಿಗೆ ಬಂದವರ ಕತೆ ನೋಡಿದಿರಲ್ಲ. ಎಂ.ಎಸ್ಸಿ. ಮಾಡಿ, ನೆಟ್ ಬರೀರಿ. ಟಿಐಎಫ್‌ಆರ್ ಮತ್ತು ಎನ್‌ಸಿಬಿಎಸ್ ಸೇರಲು ಅವರದ್ದೇ ಪ್ರವೇಶ ಪರೀಕ್ಷೆ ಇದೆ. ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯಗಳಲ್ಲಿ ಎರಡು ತಿಂಗಳು ಕೆಲಸ ಮಾಡಲು ವಿಜ್ಞಾನ ಅಕಾಡೆಮಿಗಳು ಫೆಲೋಶಿಪ್ ಕೊಡುತ್ತವೆ, ಅದಕ್ಕೆ ಈ ವರ್ಷವೇ ಅರ್ಜಿ ಹಾಕಿ. ಪಿಎಚ್.ಡಿ. ಮಾಡುವಾಗ ಜೆಆರ್‌ಎಫ್ ಅಂತ ತಿಂಗಳಿಗೆ 37,000 ರೂಪಾಯಿ ಬರುತ್ತೆ, 2023ರಿಂದ ಇದು ಜಾರಿಯಲ್ಲಿದೆ. ಮನೆಯವರಿಗೆ ಇದನ್ನು ಮೊದಲು ಹೇಳಿ. ಆದರೆ ಕಾಯಂ ಕೆಲಸ ಸಿಗೋದು ತಡ ಅನ್ನೋದನ್ನೂ ಮುಚ್ಚಿಡಬೇಡಿ. ಪಿಎಚ್.ಡಿ.ಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಅಂತ ಇನ್ನೂ ಕೆಲವು ವರ್ಷ. ಮೂವತ್ತೈದು ದಾಟಿದ ಮೇಲೆ ನೆಲೆ ನಿಂತವರೇ ಜಾಸ್ತಿ. ಬಿ.ಎಡ್. ಕೂಡ ಒಳ್ಳೆಯ ಕೆಲಸವೇ, ಒಳ್ಳೆಯ ಮೇಷ್ಟ್ರಿಲ್ಲದೆ ಯಾವ ವಿಜ್ಞಾನಿಯೂ ಹುಟ್ಟೋದಿಲ್ಲ. ಆದರೆ ಆಸೆ ಇದ್ದಾಗ ಒಂದು ಬೇಸಿಗೆಯಾದರೂ ಲ್ಯಾಬ್‌ನಲ್ಲಿ ಕೂತು ನೋಡಿ, ಆಮೇಲೆ ತೀರ್ಮಾನ ಮಾಡಿ.

ಕಾಫಿ, ಮೆಣಸು ಬೆಳೆಯುವವನು ನಾನು. ಜನರ ತೆರಿಗೆ ದುಡ್ಡಿನಲ್ಲಿ ಇಷ್ಟು ದೊಡ್ಡ ವಿಜ್ಞಾನಿ ನಲವತ್ತು ವರ್ಷ ಬಾಳೆಹಣ್ಣಿನ ನೊಣ ಸಾಕಿದರು ಅಂದರೆ ನನಗೆ ಅರ್ಥ ಆಗಲಿಲ್ಲ. ಇದರಿಂದ ನನ್ನಂಥವನಿಗೆ ಏನು ಉಪಯೋಗ? ಬೇಜಾರು ಮಾಡ್ಕೋಬೇಡಿ. – ಓದುಗರು, ಸಕಲೇಶಪುರ

ಬೇಜಾರು ಯಾಕೆ ಸ್ವಾಮಿ, ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ ನಿಮ್ಮ ಔಷಧಿ ಹೊಡೆಯುವ ಕ್ಯಾನ್‌ನಲ್ಲೇ ಇದೆ. ಅಲ್ಲಿಗೆ ಬರ್ತೀನಿ.

ಬಾಂಬೆಗೆ ಬಂದ ಮೇಲೆ ಸಿದ್ದಿಕಿ ಸುಮಾರು ಹತ್ತು ವರ್ಷ ಬ್ಯಾಕ್ಟೀರಿಯಾದಲ್ಲೇ ಕೆಲಸ ಮಾಡಿದರು. ಒಂದು ಬ್ಯಾಕ್ಟೀರಿಯಾದ ಡಿಎನ್‌ಎ ಇನ್ನೊಂದರೊಳಗೆ ಹೋಗಿ ಹೇಗೆ ಸೇರಿಕೊಳ್ಳುತ್ತೆ ಅನ್ನೋದು ವಿಷಯ. ಅದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೀಮರ್ ಬೆಂಜರ್ ಅವರ ಜೊತೆ ಸೇರಿ ಕೆಲಸ ಮಾಡುವಾಗ ಅದನ್ನೆಲ್ಲ ಬಿಟ್ಟು ನೊಣಕ್ಕೆ ಬಂದರು. ಬೆಂಜರ್ ಕೇಳುತ್ತಿದ್ದ ಪ್ರಶ್ನೆ ಆಗ ಹಲವರಿಗೆ ವಿಚಿತ್ರ ಅನಿಸುತ್ತಿತ್ತು. ಒಂದು ಜೀನ್ ಬದಲಾದರೆ ಪ್ರಾಣಿಯ ನಡವಳಿಕೆ ಬದಲಾಗುತ್ತಾ?

ನೊಣ ಅಂದರೆ ಮನೆಯಲ್ಲಿ ಹಾರಾಡುವ ದೊಡ್ಡ ನೊಣ ಅಲ್ಲ. ಕಳಿತ ಬಾಳೆಹಣ್ಣಿನ ಮೇಲೆ ಮುತ್ತುವ, ಹೆಚ್ಚುಕಮ್ಮಿ ಎಳ್ಳಿನಷ್ಟೇ ಉದ್ದದ, ಕೆಂಪು ಕಣ್ಣಿನದು. ಡ್ರಾಸೊಫಿಲಾ ಅಂತ ಅದರ ಹೆಸರು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಇವನ್ನು ಸಾಕಿದ್ದೇನೆ. ಮಾನಸಗಂಗೋತ್ರಿಯಲ್ಲಿ ಇವುಗಳ ಬೇರೆ ಬೇರೆ ತಳಿಗಳನ್ನು ಕಾಪಾಡಿಕೊಂಡು ಬರುವ ಕೇಂದ್ರವೇ ಇದೆ. ಇವಕ್ಕೆ ಊಟ ಏನು ಗೊತ್ತಾ? ಗೋಧಿ ರವೆ, ಬೆಲ್ಲ, ಅಗರ್. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ ಹಾಕಿ ತಳ ಹಿಡಿಯದ ಹಾಗೆ ತಿರುವುತ್ತಿದ್ದರೆ ಲ್ಯಾಬ್ ತುಂಬಾ ಕೇಸರಿಬಾತ್ ಮಾಡುವ ಮನೆಯ ಘಮ. ಬೂಷ್ಟು ಹಿಡಿಯದಿರಲಿ ಅಂತ ಕೊನೆಯಲ್ಲಿ ಪ್ರೊಪಿಯಾನಿಕ್ ಆಸಿಡ್ ಹಾಕಿದ ಕೂಡಲೇ ಘಮ ಹೋಗಿ ಮೂಗು ಉರಿಯುತ್ತೆ. ಬಿಸಿ ಇರುವಾಗಲೇ ಬಾಟಲಿಗೆ ಹುಯ್ದು, ಆರಿದ ಮೇಲೆ ನೊಣ ಬಿಟ್ಟು, ಬಾಯಿಗೆ ಹತ್ತಿ ತುರುಕಿದರೆ ಹತ್ತು ಹನ್ನೆರಡು ದಿನಕ್ಕೆ ಹೊಸ ತಲೆಮಾರು ರೆಡಿ. ಖರ್ಚು ಇಷ್ಟೇ. ಮನುಷ್ಯರಲ್ಲಿ ಮೂರು ತಲೆಮಾರು ನೋಡಬೇಕಾದರೆ ಒಬ್ಬ ವಿಜ್ಞಾನಿಯ ಇಡೀ ಆಯಸ್ಸು ಬೇಕು.

ಈಗ ನಿಮ್ಮ ಪ್ರಶ್ನೆಗೆ. ಕೆಲವು ನೊಣಗಳಲ್ಲಿ ಒಂದು ಜೀನ್ ಕೆಟ್ಟಿರುತ್ತೆ. ಮಾಮೂಲಿ ತಂಪಿನಲ್ಲಿ ಚೆನ್ನಾಗೇ ಓಡಾಡಿಕೊಂಡಿರುತ್ತವೆ. 29 ಡಿಗ್ರಿಗೆ ಬಿಸಿ ಮಾಡಿ, ಅಷ್ಟೂ ನೊಣ ಪಟಪಟ ಅಂತ ಬಾಟಲಿಯ ತಳಕ್ಕೆ ಬೀಳುತ್ತವೆ. ಕಾಲೂ ಆಡಲ್ಲ. ಮತ್ತೆ 22 ಡಿಗ್ರಿಗೆ ತಂದರೆ ಎದ್ದು ಏನೂ ಆಗಿಲ್ಲವೆಂಬಂತೆ ಗಾಜು ಹತ್ತುತ್ತವೆ. ಇದು ಪ್ಯಾರಾ ಎಂಬ ಜೀನ್, ಕೆನಡಾದ ಡೇವಿಡ್ ಸುಜುಕಿ ಅವರ ತಂಡ 1971ರಲ್ಲಿ ಕಂಡುಹಿಡಿದಿದ್ದು. ಸಿದ್ದಿಕಿ ಮತ್ತು ಬೆಂಜರ್ ಇಂಥ ನೊಣಗಳ ನರಗಳಲ್ಲಿ ಬಿಸಿ ಏರಿದಾಗ ಏನಾಗುತ್ತೆ ಅಂತ ಅಳೆದರು. ಜೊತೆಗೆ ಇನ್ನೊಂದು ಹೊಸ ಜೀನ್ ಹಿಡಿದರು. ಇದು ಕೆಟ್ಟ ನೊಣಗಳು ಬಿಸಿಗೆ ಬಿದ್ದರೆ, ತಂಪಾದ ಮೇಲೂ ಬಹಳ ಹೊತ್ತು ಏಳೋದಿಲ್ಲ. ಹಾಗಾಗಿ ಕೋಮಾಟೋಸ್ ಅಂತ ಹೆಸರಿಟ್ಟರು, ಕೋಮಾದಲ್ಲಿರುವ ಹಾಗೆ ಅಂತ. 1976ರಲ್ಲಿ ಪ್ರಕಟವಾಯಿತು.

ಪ್ಯಾರಾ ಜೀನ್ ಏನು ಮಾಡುತ್ತೆ ಅಂತ ಗೊತ್ತಾಗಿದ್ದು 1989ರಲ್ಲಿ. ನರದಲ್ಲಿ ಸಂದೇಶ ಹರಿಯಬೇಕಾದರೆ ಸೋಡಿಯಂ ಒಳಗೆ ನುಗ್ಗಬೇಕು, ಅದಕ್ಕೊಂದು ಬಾಗಿಲು ಇರುತ್ತೆ, ಆ ಬಾಗಿಲನ್ನು ಮಾಡುವ ಜೀನ್ ಇದು. ನೀವು ಗಿಡಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್, ರಾತ್ರಿ ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ, ಇವು ಕೀಟವನ್ನು ಕೊಲ್ಲೋದು ಇದೇ ಬಾಗಿಲನ್ನು ಮುಚ್ಚಲು ಬಿಡದೆ. ಮೊದಲು ಒಂದು ಸಲ ಹೊಡೆದರೆ ಸಾಯುತ್ತಿದ್ದ ಹುಳ ಈಗ ಮೂರು ಸಲ ಹೊಡೆದರೂ ಸಾಯಲ್ಲ ಅಂತ ರೈತರು ಹೇಳ್ತಾರಲ್ಲ, ಅದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಒಂದು ಆ ಹುಳಗಳಲ್ಲಿ ಇದೇ ಜೀನ್ ಬದಲಾಗಿರೋದು. ಹಲ್ಲು ಕೀಳುವಾಗ ಡಾಕ್ಟರು ಕೊಡುವ ಮರಗಟ್ಟುವ ಇಂಜೆಕ್ಷನ್ ಕೂಡ ನಮ್ಮ ನರದಲ್ಲಿರುವ ಇಂಥದ್ದೇ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತೆ.

ಕೋಮಾಟೋಸ್ ಕತೆ ಇನ್ನೂ ಚೆಂದ. ಒಂದು ನರ ಇನ್ನೊಂದಕ್ಕೆ ಸುದ್ದಿ ಹೇಳೋದು ರಾಸಾಯನಿಕದಿಂದ. ಆ ರಾಸಾಯನಿಕ ಚಿಕ್ಕ ಚಿಕ್ಕ ಗುಳ್ಳೆಗಳಲ್ಲಿ ತುಂಬಿರುತ್ತೆ, ಗುಳ್ಳೆ ಅಂಚಿಗೆ ಬಂದು ಒಡೆದು ಸುರಿಯಬೇಕು. ಈ ಕೆಲಸ ಮತ್ತೆ ಮತ್ತೆ ನಡೆಯಲು ಎನ್‌ಎಸ್‌ಎಫ್ ಎಂಬ ಪ್ರೋಟೀನ್ ಬೇಕೇ ಬೇಕು. 1990ರ ದಶಕದ ಮಧ್ಯದಲ್ಲಿ ಗೊತ್ತಾಯಿತು, ಕೋಮಾಟೋಸ್ ಅಂದರೆ ಆ ಪ್ರೋಟೀನ್‌ನ ಜೀನ್. ಜೀವಕೋಶದ ಈ ಗುಳ್ಳೆ ಸಾಗಾಟವನ್ನು ಬಿಡಿಸಿದ್ದಕ್ಕೆ ರಾತ್‌ಮನ್, ಶೆಕ್‌ಮನ್, ಸುಡಾಫ್ ಮೂವರಿಗೆ 2013ರ ಅಕ್ಟೋಬರ್‌ನಲ್ಲಿ ನೊಬೆಲ್ ಘೋಷಣೆ ಆಯಿತು. ಸಿದ್ದಿಕಿ ಅದೇ ವರ್ಷ ಜುಲೈನಲ್ಲಿ, ಬೆಂಗಳೂರಿನ ತಮ್ಮ ಮನೆಯ ಹತ್ತಿರವೇ ದ್ವಿಚಕ್ರ ವಾಹನ ಬಡಿದು ಗಾಯಗೊಂಡು ತೀರಿಕೊಂಡಿದ್ದರು. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಬಿದ್ದುಕೊಂಡೇ ಇರುವ ನೊಣಗಳು. ಇನ್ನೊಂದು ಮೂರು ತಿಂಗಳು ಇದ್ದಿದ್ದರೆ ಈ ಸುದ್ದಿ ಕೇಳುತ್ತಿದ್ದರಲ್ಲ ಅಂತ ಈಗಲೂ ಅನಿಸುತ್ತೆ.

ನೊಣ ಸಾಕುವಾಗ ಸೈಪರ್‌ಮೆಥ್ರಿನ್ ಬಗ್ಗೆ ಅವರು ಯೋಚಿಸಿರಲಿಲ್ಲ ನಿಜ. ನರ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಬೇಕಿತ್ತು, ಅಷ್ಟೇ. ನನ್ನ ಅಭಿಪ್ರಾಯದಲ್ಲಿ ಆ ದುಡ್ಡು ಚೆನ್ನಾಗಿಯೇ ಖರ್ಚಾಗಿದೆ.

ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡ್ತೀನಿ. ವರ್ಷಕ್ಕೆ ಎರಡು ಪೇಪರ್ ಪ್ರಕಟಿಸಿ ಅಂತ ಆಡಳಿತ ಮಂಡಳಿಯವರು ಹೇಳಿದ್ದಾರೆ. ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಹಾಕಿಕೊಡ್ತೀವಿ ಅಂತ ದಿನಾ ಇಮೇಲ್ ಬರುತ್ತೆ. ಸಿದ್ದಿಕಿ ಅಂಥವರು ಎಷ್ಟು ಪೇಪರ್ ಬರೆದಿದ್ದರು? ಎಲ್ಲಿ ಹಾಕುತ್ತಿದ್ದರು? – ಉಪನ್ಯಾಸಕರು, ದಾವಣಗೆರೆ

ಇಮೇಲ್ ವಿಷಯ ಮೊದಲು. ನಾನೂ ಒಂದು ಸಲ ಅಂಥ ಕಡೆ ದುಡ್ಡು ಕಟ್ಟಿದ್ದೇನೆ. ಬಡ್ತಿಗೆ ಪೇಪರ್ ಬೇಕಿತ್ತು. ಒಂದು ಅಕ್ಷರ ತಿದ್ದುಪಡಿ ಕೇಳದೆ ಆರನೇ ದಿನಕ್ಕೆ ಪ್ರಕಟ ಆಯಿತು. ಅದರಲ್ಲಿ ಒಂದು ಪಟ್ಟಿಯ ಅಂಕಿಗಳನ್ನು ನಾನು ಅದಲು ಬದಲು ಮಾಡಿದ್ದೆ, ಅದು ಹಾಗೇ ಅಚ್ಚಾಯಿತು. ಯಾರೂ ಓದಿರಲಿಲ್ಲ ಅಂತ ಆಗ ಅರ್ಥ ಆಯಿತು. ಮನಸ್ಸಿಗೆ ತುಂಬಾ ನೋವಾಯಿತು. ಬೇರೆಯವರು ಕೂತು ಓದಿ, ತಪ್ಪು ಹಿಡಿದು, ಇದನ್ನು ಮತ್ತೆ ಮಾಡಿ ನೋಡಿ ಅಂತ ಕಳಿಸುವ ಜಾಗಕ್ಕೇ ಕಳಿಸಿ. ಆರು ತಿಂಗಳು ಹಿಡಿಯಲಿ, ವರ್ಷ ಹಿಡಿಯಲಿ. ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ಯುಜಿಸಿಯೇ 2022ರಲ್ಲಿ ಕೈಬಿಟ್ಟಿದೆ ಅನ್ನೋದನ್ನು ನಿಮ್ಮ ಆಡಳಿತ ಮಂಡಳಿಯವರಿಗೆ ತಿಳಿಸಬಹುದು.

ಸಿದ್ದಿಕಿ ಅವರ ಪಟ್ಟಿಯಲ್ಲಿ ಎಷ್ಟಿವೆ ಅಂತ ಎಣಿಸೋದಕ್ಕಿಂತ, ಪಟ್ಟಿಯನ್ನು ಮೇಲಿಂದ ಕೆಳಗೆ ಸುಮ್ನೆ ಓದಿಕೊಂಡು ಹೋಗಿ. ಬೂಷ್ಟಿನ ಒಂದು ಜೀನ್, 1962. ಬ್ಯಾಕ್ಟೀರಿಯಾದ ಪೂರ್ಣವಿರಾಮ, ಅದೂ 1962. ಬ್ಯಾಕ್ಟೀರಿಯಾದ ಡಿಎನ್‌ಎ ಸೇರಿಕೊಳ್ಳೋದು, 1963. ಅದೇ ವಿಷಯ ಎಂಐಟಿಯ ಮಾರಿಸ್ ಫಾಕ್ಸ್ ಜೊತೆ, 1973. ಮಧ್ಯೆ ಎಷ್ಟು ಅಂತರ ನೋಡಿ! ಒಂದು ಪ್ರಶ್ನೆಯನ್ನು ಹತ್ತು ವರ್ಷ ಬಿಡದೆ ಹಿಡಿದುಕೊಂಡಿದ್ದಾರೆ. ಆಮೇಲೆ 1976ರಲ್ಲಿ ಬೀಳುವ ನೊಣ. 1978ರಲ್ಲಿ ವಾಸನೆ ಮತ್ತು ರುಚಿ. ಜೀವಿ ಎರಡು ಸಲ ಬದಲಾಯಿತು, ಕೇಳುವ ರೀತಿ ಬದಲಾಗಲಿಲ್ಲ: ಒಂದು ಜೀನ್ ಕೆಡಿಸು, ಏನು ತಪ್ಪುತ್ತೆ ನೋಡು, ಎಣಿಸು, ಅದರಿಂದ ಒಳಗಿನ ಯಂತ್ರ ಹೇಗಿದೆ ಅಂತ ಲೆಕ್ಕ ಹಾಕು. ಗ್ಲಾಸ್ಗೋದಲ್ಲಿ ಬೂಷ್ಟಿನ ತಟ್ಟೆ ಎಣಿಸುತ್ತಾ ಕಲಿತದ್ದನ್ನೇ ನೊಣದ ಮೂಗಿನ ತನಕ ತಂದಿದ್ದಾರೆ.

ಆ 1978ರ ಪೇಪರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಬರೆದವರು ವೆರೋನಿಕಾ ರಾಡ್ರಿಗಸ್ ಮತ್ತು ಸಿದ್ದಿಕಿ. ವಾಸನೆ ಹಿಡಿಯಲಾಗದ, ರುಚಿ ಗೊತ್ತಾಗದ ನೊಣಗಳನ್ನು ಜೀನ್ ಲೆಕ್ಕದಲ್ಲಿ ಬೇರ್ಪಡಿಸಿದ ಆರಂಭದ ಕೆಲಸಗಳಲ್ಲಿ ಅದು ಒಂದು. ಪ್ರಕಟವಾಗಿದ್ದು ಎಲ್ಲಿ? ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ. ಸಿ. ವಿ. ರಾಮನ್ ಕಟ್ಟಿದ ಅಕಾಡೆಮಿ ಅದು. ಕೆಲಸ ಗಟ್ಟಿಯಿದ್ದರಿಂದ ಹೊರದೇಶದವರು ಅದನ್ನು ಹುಡುಕಿಕೊಂಡು ಬಂದು ಓದಿದರು, ಇವತ್ತಿಗೂ ಉಲ್ಲೇಖ ಮಾಡ್ತಾರೆ. ಇಲಿಯಲ್ಲಿ ವಾಸನೆ ಹಿಡಿಯುವ ಜೀನ್‌ಗಳನ್ನು ಬಕ್ ಮತ್ತು ಆಕ್ಸೆಲ್ ಕಂಡುಹಿಡಿದಿದ್ದು 1991ರಲ್ಲಿ, ಅದಕ್ಕೆ 2004ರಲ್ಲಿ ನೊಬೆಲ್ ಬಂತು. ನೊಣದಲ್ಲಿ ಅಂಥ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ. ಬಾಂಬೆಯ ಲ್ಯಾಬ್ ಆ ಪ್ರಶ್ನೆ ಕೇಳಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ಇನ್ನೊಂದು ವಿಷಯ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ಜೀವವಿಜ್ಞಾನದ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಜಾಸ್ತಿ ಕೆಲಸ ಮಾಡಿದವರದ್ದು, ಕೊನೆಯ ಹೆಸರು ಲ್ಯಾಬ್ ನಡೆಸುವವರದ್ದು. 2010ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಒಂದು ಪೇಪರ್ ಬಂತು. ಗೂಡಿನಿಂದ ಹೊರಬಂದ ಹೊಸತರಲ್ಲಿ ನೊಣ ಯಾವ ವಾಸನೆ ಅನುಭವಿಸುತ್ತೋ, ಅದರಿಂದ ಅದರ ಮೂಗಿನ ನರಗಳು ಉತ್ತರ ಕೊಡುವ ರೀತಿಯೇ ಬದಲಾಗುತ್ತೆ ಅಂತ ತೋರಿಸಿದ ಕೆಲಸ. ಅದರಲ್ಲಿ ಮೊದಲ ಹೆಸರು ಒಬ್ಬ ಕಿರಿಯರದ್ದು, ಕೊನೆಯದು ಸಿದ್ದಿಕಿ. ಆಗ ಅವರಿಗೆ 78 ವರ್ಷ. 2006ರಲ್ಲಿ ಪದ್ಮವಿಭೂಷಣ ಬಂದಾಗಿತ್ತು, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಕಾಲು ಶತಮಾನ ಕಳೆದಿತ್ತು.

ಮಗಳಿಗೆ ಡಬ್ಲಿನ್‌ನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಅಲ್ಲೇ ಇದ್ದುಬಿಡ್ತಾಳೇನೋ ಅಂತ ನನಗೆ, ಇಲ್ಲಿಗೆ ಬಂದರೆ ಏನು ಮಾಡೋದು ಅಂತ ಅವಳಿಗೆ. ಈ ಕ್ಷೇತ್ರದಲ್ಲಿ ಹೆಣ್ಣುಮಕ್ಕಳಿದ್ದಾರಾ? – ತಾಯಿ, ಕಾರವಾರ

ಡಬ್ಲಿನ್ ಅಂದಿರಿ, ಅದಕ್ಕೇ ಈ ಪತ್ರ ಆರಿಸಿಕೊಂಡೆ ಅಮ್ಮಾ. ಮೇಲೆ ಹೇಳಿದ ವೆರೋನಿಕಾ ರಾಡ್ರಿಗಸ್ ನಿಮ್ಮ ಪಕ್ಕದ ಗೋವಾ ಮೂಲದವರು. ಹುಟ್ಟಿದ್ದು 1953ರಲ್ಲಿ, ಕೀನ್ಯಾದಲ್ಲಿ. ಉಗಾಂಡಾದ ಮಕೆರೆರೆಯಲ್ಲಿ ಓದು ಶುರು ಮಾಡಿ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಮುಗಿಸಿದರು. ಅಲ್ಲಿ ಓದುವಾಗ ಬ್ಯಾಕ್ಟೀರಿಯಾ ಬಗ್ಗೆ ಸಿದ್ದಿಕಿ ಬರೆದ ಪೇಪರ್‌ಗಳು ಕಣ್ಣಿಗೆ ಬಿದ್ದವು. ಇವರ ಜೊತೆ ಕೆಲಸ ಮಾಡಬೇಕು ಅನಿಸಿತು. ಪತ್ರ ಬರೆದರು. ಬಾಂಬೆಗೆ ಬಂದು ಪಿಎಚ್.ಡಿ.ಗೆ ಸೇರಿದರು. ಯೋಚನೆ ಮಾಡಿ, ಯಾರೋ ಬರೆದ ಕೆಲವು ಪುಟ ಲೈಬ್ರರಿಯಲ್ಲಿ ಓದಿ, ತಾನು ಹುಟ್ಟದ, ಬೆಳೆಯದ ದೇಶಕ್ಕೆ ಒಬ್ಬ ಹುಡುಗಿ ಹೊರಟುಬಂದಳು.

ಅವರು ಬರುವ ಹೊತ್ತಿಗೆ ಸಿದ್ದಿಕಿ ಬ್ಯಾಕ್ಟೀರಿಯಾ ಬಿಟ್ಟು ನೊಣಕ್ಕೆ ಹೋಗಿಯಾಗಿತ್ತು. ಇವರೂ ನೊಣ ಹಿಡಿದರು. ಇಂಗ್ಲಿಷಿನ ವೈ ಅಕ್ಷರದ ಆಕಾರದ ಗಾಜಿನ ಕೊಳವೆ, ಒಂದು ಕವಲಿನಿಂದ ಹಣ್ಣಿನಂಥ ವಾಸನೆ, ಇನ್ನೊಂದರಿಂದ ಬರೀ ಗಾಳಿ. ನೊಣಗಳನ್ನು ಬಿಟ್ಟು ಯಾವ ಕಡೆ ಎಷ್ಟು ಹೋದವು ಅಂತ ಎಣಿಸೋದು. ಹತ್ತಾರು ಸಾವಿರ ನೊಣಗಳಲ್ಲಿ ದಾರಿ ತಪ್ಪುವ ಕೆಲವನ್ನು ಹುಡುಕಿ, ಅವುಗಳ ಸಂತಾನ ಬೆಳೆಸಿ, ಮತ್ತೆ ಎಣಿಸೋದು. ಈ ಕೆಲಸಕ್ಕೆ ಎಂಥ ತಾಳ್ಮೆ ಬೇಕು ಅಂತ ನೊಣ ಸಾಕಿದ ನನಗೆ ಗೊತ್ತು. ಪಿಎಚ್.ಡಿ. ಮುಗಿಸಿ ಜರ್ಮನಿಯ ಟ್ಯೂಬಿಂಗನ್‌ಗೆ ಹೋದವರು ವಾಪಸ್ ಟಿಐಎಫ್‌ಆರ್‌ಗೇ ಬಂದು ಸ್ವಂತ ಲ್ಯಾಬ್ ಕಟ್ಟಿದರು. ಬೇರೆ ಬೇರೆ ವಾಸನೆಗೆ ನೊಣದ ಮೆದುಳಿನ ಬೇರೆ ಬೇರೆ ಜಾಗ ಚುರುಕಾಗುತ್ತೆ ಅಂತ 1988ರಲ್ಲಿ ಅವರೊಬ್ಬರದ್ದೇ ಹೆಸರಿನಲ್ಲಿ ಬಂದ ಪೇಪರ್ ಇದೆ. ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ಗೆ ಬಂದರು. 2010ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಇನ್ನೂ 57 ವರ್ಷ. ಅವರಿಂದ ಕಲಿತವರು ಇವತ್ತು ಬೇರೆ ಬೇರೆ ಕಡೆ ಲ್ಯಾಬ್ ನಡೆಸ್ತಿದ್ದಾರೆ.

ಮಗಳನ್ನು ಕಳಿಸಿ. ಬರೋದು ಬಿಡೋದು ಆಮೇಲಿನ ಮಾತು. ಇಲ್ಲಿಗೆ ಬಂದರೆ ಮಾಡೋಕೆ ಕೆಲಸ ಇದೆ, ಜಾಗಗಳೂ ಇವೆ.

ಇಂಥ ಪೇಪರ್‌ಗಳನ್ನು ನಮ್ಮಂಥ ಸಾಮಾನ್ಯರು ಓದಬಹುದಾ? ಎಲ್ಲಿ ಸಿಗುತ್ತವೆ? – ನಿವೃತ್ತ ನೌಕರರು, ಗದಗ

ಓದಬಹುದು. ಅಮೆರಿಕದ ಅಕಾಡೆಮಿಯ ಹಳೆಯ ಸಂಚಿಕೆಗಳು, ನಮ್ಮ ಬೆಂಗಳೂರು ಅಕಾಡೆಮಿಯ ಹಳೆಯ ಸಂಚಿಕೆಗಳು ಎರಡೂ ಇಂಟರ್ನೆಟ್‌ನಲ್ಲಿ ಉಚಿತ. ಮೊದಲ ಸಲ ಪೂರ್ತಿ ಅರ್ಥ ಆಗಬೇಕು ಅಂತ ಹಟ ಬೇಡ. ಮೊದಲು ಸಾರಾಂಶ, ಆಮೇಲೆ ಚಿತ್ರ ಮತ್ತು ಕೋಷ್ಟಕ, ಕೊನೆಗೆ ಅವರು ಏನು ಮಾಡಿದರು ಅನ್ನುವ ಭಾಗ. ಹಳೆಯ ಪೇಪರ್‌ಗಳು ಇವತ್ತಿನವಕ್ಕಿಂತ ಚಿಕ್ಕವು, ಸರಳವಾಗಿವೆ. ಬೆಂಗಳೂರಿಗೆ ಬಂದರೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಶುರುವಾದ ದಾಖಲೆ ಭಂಡಾರ ಇದೆ, ಸಿದ್ದಿಕಿ ಅವರ ಕಾಗದಪತ್ರಗಳನ್ನು ಅಲ್ಲಿ ಇಟ್ಟಿದ್ದಾರೆ. ಮೊದಲೇ ಬರೆದು ಕೇಳಿಕೊಂಡು ಹೋಗಿ.

ನೊಣಕ್ಕೆ ಮೂಗು ಎಲ್ಲಿರುತ್ತೆ? – ಐದನೇ ಕ್ಲಾಸಿನ ವಿದ್ಯಾರ್ಥಿನಿ, ಧಾರವಾಡ

ಪುಟ್ಟೀ, ನೊಣದ ತಲೆಯ ಮುಂದೆ, ಎರಡು ಕಣ್ಣುಗಳ ನಡುವೆ ಎರಡು ಚಿಕ್ಕ ಮೀಸೆಗಳಿರುತ್ತವೆ. ಅವೇ ಅದರ ಮೂಗು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಪ್ರತಿ ಮೀಸೆಯಲ್ಲಿ ಒಂದು ದಪ್ಪ ಗುಂಡು ತುಂಡು ಕಾಣುತ್ತೆ, ಅದರ ಮೇಲೆಲ್ಲ ಸಣ್ಣ ಸಣ್ಣ ಕೂದಲು. ಆ ಕೂದಲುಗಳಲ್ಲಿ ತೂತು ಇರುತ್ತೆ, ವಾಸನೆ ಒಳಗೆ ಹೋಗೋದು ಅಲ್ಲಿಂದ. ಒಂದು ಮೀಸೆಯಲ್ಲಿ ವಾಸನೆ ಹಿಡಿಯುವ ನರಕೋಶ ಸುಮಾರು 1,200. ನಮ್ಮ ಮೂಗಿನಲ್ಲಿ ಲಕ್ಷಗಟ್ಟಲೆ ಇವೆ. ಬಾಯಿಯ ಹತ್ತಿರ ನೊಣಕ್ಕೆ ಇನ್ನೊಂದು ಪುಟ್ಟ ಜೊತೆ ಮೂಗೂ ಇದೆ.

ನೀನೇ ಪರೀಕ್ಷೆ ಮಾಡಬಹುದು. ಎರಡು ಖಾಲಿ ಬಾಟಲಿ ತಗೋ. ಒಂದರಲ್ಲಿ ಚೆನ್ನಾಗಿ ಕಳಿತ ಬಾಳೆಹಣ್ಣಿನ ತುಂಡು, ಇನ್ನೊಂದರಲ್ಲಿ ಅಷ್ಟೇ ದೊಡ್ಡದೊಂದು ಒದ್ದೆ ಹತ್ತಿ. ಎರಡಕ್ಕೂ ಹೊರಗಿನಿಂದ ಕಾಗದ ಸುತ್ತು, ಒಳಗೇನಿದೆ ಅಂತ ನೊಣಕ್ಕೆ ಕಾಣಬಾರದು. ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸು, ತುದಿಯಲ್ಲಿ ಪೆನ್ಸಿಲ್ ಹೋಗುವಷ್ಟು ತೂತು ಇರಲಿ. ರಾತ್ರಿ ಅಡುಗೆಮನೆಯಲ್ಲಿ ಅಕ್ಕಪಕ್ಕ ಇಡು, ಅಮ್ಮನಿಗೆ ಹೇಳಿ ಇಡು. ಬೆಳಗ್ಗೆ ಯಾವುದರಲ್ಲಿ ಎಷ್ಟಿವೆ ಎಣಿಸು, ಎಣಿಸಿದ ಮೇಲೆ ಹೊರಗೆ ಬಿಟ್ಟುಬಿಡು. ಮಾರನೇ ರಾತ್ರಿ ಬಾಟಲಿಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಸಲ ಎಣಿಸು. ಮೂರು ರಾತ್ರಿ ಮಾಡಿ, ಲೆಕ್ಕ ಬರೆದು ನನಗೆ ಕಳಿಸು. ಸೊನ್ನೆ ಬಂದರೂ ಸೊನ್ನೆ ಅಂತಲೇ ಬರಿ.